ಹದಿಮೂರನೇ ಮನೆಯ ನೀರು

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಕೋಣೆಯಲ್ಲಿ, ಪೇಸ್ಟಮ್ಮ ಇಪ್ಪತ್ತೆರಡು ವರ್ಷದಿಂದ ಕೂತಿದ್ದಳು. ಹೆತ್ತವರು ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಅದನ್ನು ಎಬ್ಬಿಸುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಆ ಕಚೇರಿಯಲ್ಲಿ ಮೂರು ಪ್ರೋಗ್ರಾಂಗಳಿದ್ದವು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಮೊದಲನೆಯದರಲ್ಲಿ ಬೀದಿ, ಮನೆ ನಂಬರು, ಮನೆಯವರ ಹೆಸರು ಇರುತ್ತಿತ್ತು. ಅದು ಎಷ್ಟು ಹಳೆಯದೆಂದರೆ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುವ ಮುಂಚೆ ಒಮ್ಮೆ ಕೆಮ್ಮುತ್ತಿತ್ತು. ಎರಡನೆಯದು ಹೊಸದು, ಮೀಟರ್ ಓದುವವರು ಮನೆ ಮನೆ ತಿರುಗಿ ಫೋನಿನಲ್ಲಿ ಒತ್ತಿ ಕಳಿಸುವುದು. ಮೂರನೆಯದರಲ್ಲಿ ಜನರ ದೂರು. ಮೂರರಿಂದಲೂ ಕಾಪಿ ಮಾಡಿ ಒಂದೇ ಶೀಟಿನಲ್ಲಿ ಪಕ್ಕ ಪಕ್ಕ ಪೇಸ್ಟ್ ಮಾಡುವುದು ಪೇಸ್ಟಮ್ಮನ ಕೆಲಸ. ಬೀದಿಗೊಂದು ಪುಟ, ಮನೆಗೊಂದು ಸಾಲು, ತಿಂಗಳಿಗೊಂದು ಕಾಲಂ.

ಅವಳಿಗೊಂದು ವ್ರತವಿತ್ತು. ಬಂದದ್ದನ್ನು ಬಂದ ಹಾಗೆ ಪೇಸ್ಟ್ ಮಾಡುವುದು, ಕೈಯಿಂದ ಒಂದಂಕಿಯನ್ನೂ ಒತ್ತದಿರುವುದು. ಅವಳ ಕೀಬೋರ್ಡ್ ನೋಡಿದರೇ ಗೊತ್ತಾಗುತ್ತಿತ್ತು. ಕಾಪಿ ಮಾಡುವ ಸಿ, ಪೇಸ್ಟ್ ಮಾಡುವ ವಿ ಎರಡೂ ಸವೆದು ಬೋಳಾಗಿದ್ದವು. ಅಂಕಿಗಳ ಸಾಲು ಮಾತ್ರ ಅಂಗಡಿಯಿಂದ ಬಂದ ದಿನದ ಹಾಗೆ ಹೊಳೆಯುತ್ತಿತ್ತು. "ಶೀಟು ಸುಳ್ಳು ಹೇಳಲ್ಲ, ಹೇಳಿದರೆ ಮನುಷ್ಯರೇ ಹೇಳಬೇಕು" ಅನ್ನುವುದು ಅವಳ ಮಾತು. ಕಚೇರಿಯವರು ಅದನ್ನು ಎಷ್ಟು ಸಲ ಕೇಳಿದ್ದರೆಂದರೆ, ಅವಳು ಬಾಯಿ ತೆರೆಯುವ ಮುಂಚೆಯೇ ತಲೆಯಾಡಿಸಿ ಮುಗಿಸುತ್ತಿದ್ದರು.

ಬಿಲ್ಲಿಗೂ ಈ ಶೀಟಿಗೂ ಸಂಬಂಧವಿಲ್ಲ. ಬಿಲ್ಲು ಮೀಟರ್ ಓದುವವರ ಫೋನಿನಿಂದ ನೇರವಾಗಿ ಹೋಗುತ್ತದೆ. ಶೀಟು ಇರುವುದು ಖಾಲಿ ಮನೆ ಹಿಡಿಯಲಿಕ್ಕೆ. ಯಾವ ಮನೆಯಲ್ಲಿ ಆರು ತಿಂಗಳು ಒಂದೇ ಸಮನೆ ಮೂರು ಯೂನಿಟ್‌ಗಿಂತ ಕಡಿಮೆ ನೀರು ಖರ್ಚಾಯಿತೋ ಆ ಸಾಲು ತಾನಾಗಿಯೇ ಕೆಂಪಾಗುತ್ತದೆ. ಕೆಂಪಾದ ಮನೆಗೆ ಪತ್ರ ಹೋಗುತ್ತದೆ. ಪತ್ರ ಹೋಗಿ ತಿಂಗಳಾದರೆ ವಾಲ್ವ್ ಬಂದ್. ದೊಡ್ಡ ಸಾಹೇಬರು ಶೀಟಿನಲ್ಲಿ ಕೆಂಪು ಬಿಟ್ಟು ಬೇರೆ ಬಣ್ಣ ನೋಡಿದವರೇ ಅಲ್ಲ.

ಈಗ ಪೇಸ್ಟಮ್ಮನ ಮನೆಯ ವಿಷಯ. ಬೀದಿಯಲ್ಲಿ ಅದು ಹದಿಮೂರನೇ ನಂಬರು. ಅಲ್ಲಿ ಅವಳೂ ಅವಳ ಅಕ್ಕನೂ ಮೂವತ್ತು ವರ್ಷ ಇದ್ದರು. ಇಬ್ಬರೂ ಮದುವೆಯಾಗಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದೇ ಜಗಳ, ನೀರಿನದು. ಅಕ್ಕ ಸ್ನಾನಕ್ಕೆ ಹೋದರೆ ಆಚೆ ಬರುವಷ್ಟರಲ್ಲಿ ಕ್ಯಾಲೆಂಡರಿನ ಹಾಳೆ ತಿರುವಬೇಕಾಗುತ್ತಿತ್ತು ಎಂದು ಪೇಸ್ಟಮ್ಮ ಹೇಳುತ್ತಿದ್ದಳು. ದಿನಾ ಬಚ್ಚಲ ಬಾಗಿಲು ಬಡಿಯುತ್ತಿದ್ದಳು.

"ಎಷ್ಟು ಹೊತ್ತೇ ಅಕ್ಕಾ! ಒಳಗೆ ಕೆರೆ ಕಟ್ತಿದೀಯಾ?"

"ನಿಂಗೇನೇ ಕಷ್ಟ? ನೀರೇನು ನಿನ್ನ ಕಂಪ್ಯೂಟರಿಂದ ಬರತ್ತಾ?"

"ಹದಿನಾಲ್ಕು ಯೂನಿಟ್ ಕಣೇ! ಇಬ್ಬರಿಗೆ! ನಾನು ಮುಟ್ಟೋದು ಅರ್ಧ ಬಕೆಟ್."

"ಸುರಿಯೋದು ನೀನು, ಹೆಸರು ನನಗೆ."

ಹೀಗೆ ಮೂವತ್ತು ವರ್ಷ. ಹೋದ ವರ್ಷ ಅಕ್ಕ ಹಲ್ಲು ತೋರಿಸಲು ಹೋದವಳು ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಳು. ಪಕ್ಕದ ಹನ್ನೆರಡನೇ ಮನೆಯಲ್ಲೇ ಹಲ್ಲಿನ ಡಾಕ್ಟರಿದ್ದರೂ ಅವರ ಡ್ರಿಲ್ಲಿನ ಸದ್ದು ಗೋಡೆಯಾಚೆಯಿಂದ ಕೇಳಿ ಕೇಳಿ ಅವಳಿಗೆ ಅವರ ಮೇಲೆ ನಂಬಿಕೆ ಹೋಗಿತ್ತು. ಲಿಫ್ಟ್ ರಿಪೇರಿಯವರೊಬ್ಬರು ಬಂದು ಬಾಗಿಲ ಆಚೆಯಿಂದ ಧೈರ್ಯ ಹೇಳುತ್ತ ಎರಡು ಗಂಟೆ ಸ್ಕ್ರೂ ಬಿಚ್ಚಿದರು. ಬಾಗಿಲು ತೆರೆಯುವಷ್ಟರಲ್ಲಿ ಇಬ್ಬರ ಮದುವೆ ನಿಶ್ಚಯವಾಗಿತ್ತು. ಹುಡುಗನಿಗೆ ಐವತ್ತೆಂಟು, ಹುಡುಗಿಗೆ ಐವತ್ತನಾಲ್ಕು. ಮುಖ ನೋಡಿದ್ದು ಆಮೇಲೆ. ನಂಬುವವರು ನಂಬಲಿ.

ಹೊರಡುವ ದಿನವೂ ಅಕ್ಕ ಒಂದು ಗಂಟೆ ಸ್ನಾನ ಮಾಡಿದಳು. ಪೇಸ್ಟಮ್ಮ ಬಾಗಿಲು ಬಡಿದಳು. ಮಾತಿಗೆ ಮಾತು ಬೆಳೆಯಿತು. ಅಕ್ಕ ಒದ್ದೆ ತಲೆಯಲ್ಲೇ ಪೆಟ್ಟಿಗೆ ಎತ್ತಿಕೊಂಡು, "ನಾನು ಹೋದ್ಮೇಲೆ ನೋಡು. ಆಗ್ಲೂ ಅಷ್ಟೇ ನೀರು ಖರ್ಚಾಗತ್ತೆ. ನಿನ್ನ ಶೀಟೇ ಹೇಳತ್ತೆ" ಅಂದಳು.

"ಹೇಳ್ಲಿ. ಹೇಳಿದ ದಿನ ನಾನೇ ಫೋನ್ ಮಾಡಿ ತಪ್ಪಾಯ್ತು ಅಂತೀನಿ. ಅಲ್ಲೀವರೆಗೆ ಮಾತಿಲ್ಲ."

"ಬೇಡ ಬಿಡು."

ಭಾವ ಗೇಟಿನ ಬಳಿ ಟ್ಯಾಕ್ಸಿಯ ಬಾಗಿಲು ಹಿಡಿದು ನಿಂತಿದ್ದರು. ಬಾಗಿಲು ಅವರ ಕಸುಬು, ಮಧ್ಯೆ ಮಾತಾಡಲಿಲ್ಲ.

ಅಕ್ಕ ಹೋದ ಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆ ಗಡಿಯಾರ ಗಂಟೆ ಹೊಡೆಯಲು ಮುಜುಗರಪಡುತ್ತಿತ್ತು. ಪೇಸ್ಟಮ್ಮ ಸಂಜೆ ಬೀಗ ತೆಗೆದು ಒಳಬಂದರೆ, ಮರುದಿನ ಕಚೇರಿಗೆ ಹೋಗುವವರೆಗೆ ಅವಳು ಬಾಯಿ ತೆರೆಯುವ ಸಂದರ್ಭ ಎರಡೇ, ಊಟ ಮಾಡುವಾಗ ಮತ್ತು ಹಲ್ಲುಜ್ಜುವಾಗ. ಬಚ್ಚಲ ಬಾಗಿಲ ಹಿಂದೆ ಎರಡು ಮೊಳೆಗಳಿದ್ದವು. ಒಂದರಲ್ಲಿ ಅವಳ ಟವೆಲು, ಇನ್ನೊಂದರಲ್ಲಿ ಏನೂ ಇಲ್ಲ. ಅಲ್ಲಿ ಬೇರೇನಾದರೂ ನೇತುಹಾಕಬಹುದಿತ್ತು. ಹಾಕಲಿಲ್ಲ.

ತಿಂಗಳ ಕೊನೆಗೆ ತಮ್ಮ ಬೀದಿಯ ಪುಟಕ್ಕೆ ಪೇಸ್ಟ್ ಮಾಡಿ, ಹದಿಮೂರನೇ ಮನೆಯ ಸಾಲು ನೋಡಿದಳು. ಹದಿನೈದು. ಇಬ್ಬರಿದ್ದಾಗ ಹದಿನಾಲ್ಕು, ಒಬ್ಬಳಾದ ಮೇಲೆ ಹದಿನೈದು! ಮರು ತಿಂಗಳು ಹದಿನಾಲ್ಕು. ಅದರ ಮುಂದಿನ ತಿಂಗಳು ಮತ್ತೆ ಹದಿನೈದು.

ಬೇರೆ ಯಾರಾದರೂ ಆಗಿದ್ದರೆ ಗೇಟಿನ ಹತ್ತಿರದ ಮುಚ್ಚಳ ಎತ್ತಿ ಮೀಟರ್ ನೋಡುತ್ತಿದ್ದರು. ಆದರೆ ಮೀಟರ್ ನೋಡುವುದು ಮೀಟರ್ ಓದುವವನ ಕೆಲಸ, ಇನ್ನೊಬ್ಬರ ಕೆಲಸದಲ್ಲಿ ಅವಳು ಕೈ ಹಾಕುವವಳಲ್ಲ. ಕಚೇರಿಯ ನೌಕರರಿಗೆ ನೀರು ಬಿಟ್ಟಿಯಾದ್ದರಿಂದ ಮನೆಗೆ ಬಿಲ್ಲೂ ಬರುತ್ತಿರಲಿಲ್ಲ. ತನ್ನ ಅರ್ಧ ಬಕೆಟ್ ಒಂದು ಕಡೆ, ಶೀಟು ಒಂದು ಕಡೆ. ಪೇಸ್ಟಮ್ಮ ಶೀಟನ್ನು ನಂಬಿದಳು. ಮೂವತ್ತು ವರ್ಷ ತಾನೇ ಸುರಿದು ಅಕ್ಕನನ್ನು ಬೈದೆನಲ್ಲ ಎಂದು ನಾಚಿಕೆಯಾಯಿತು. ಆ ಭಾನುವಾರ ಫೋನ್ ಮಾಡಿದಳು.

"ಅಕ್ಕಾ, ತಪ್ಪಾಯ್ತು ಕಣೇ. ಸುರೀತಿದ್ದೋಳು ನಾನೇ."

ಆ ಕಡೆ ಅಕ್ಕ ನಕ್ಕ ನಗುವಿಗೆ ಭಾವ ಲಿಫ್ಟಿನ ಹಗ್ಗ ತುಂಡಾಯಿತೆಂದು ಎದ್ದು ನಿಂತರಂತೆ.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಅಕ್ಕನೇ ಫೋನ್ ಮಾಡುತ್ತಿದ್ದಳು. ತಿಂಗಳಿನ ಮೊದಲ ಭಾನುವಾರ "ಎಷ್ಟೇ ಈ ಸಲ?" ಅನ್ನುವುದೇ ಮೊದಲ ಮಾತು. ಹದಿನೈದು ಅಂದರೆ ಹತ್ತು ನಿಮಿಷ ನಗು. ಗೆದ್ದವರ ಬಾಯಿ ಸಡಿಲ. ನಗು ಮುಗಿದ ಮೇಲೆ ಮಾತು ತಾನಾಗಿ ಹರಿಯುತ್ತಿತ್ತು. ಯಾವ ಕಟ್ಟಡದ ಲಿಫ್ಟ್ ಕೆಟ್ಟಿತು, ಭಾವನ ಗೊರಕೆ ಎಷ್ಟನೇ ಮಹಡಿಗೆ ಕೇಳುತ್ತದೆ, ಇಂಥದ್ದೇ. ಪೇಸ್ಟಮ್ಮ ಹೂಂಗುಟ್ಟುತ್ತಿದ್ದಳು. ವಾರವಿಡೀ ಆ ಹೂಂಗಳನ್ನು ಕೂಡಿಟ್ಟಿರುತ್ತಿದ್ದಳು. ಇನ್ನೊಂದು ಮಾತು ಅವಳು ಯಾರಿಗೂ ಹೇಳಿರಲಿಲ್ಲ. ಹದಿನೈದು ಯೂನಿಟ್ ಅಂದರೆ ಒಂದು ಸಂಸಾರದ ನೀರು. ಶೀಟಿನಲ್ಲಾದರೂ ಹದಿಮೂರನೇ ಮನೆ ತುಂಬಿತ್ತು. ಬೇಸರವಾದಾಗ ಆ ಪುಟ ತೆರೆದು ಆ ಸಾಲನ್ನು ನೋಡುತ್ತಿದ್ದಳು.

ಅಕ್ಕ ಹೋಗಿ ಒಂಬತ್ತನೇ ತಿಂಗಳಿನಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಒಂದು ಕೈಯಲ್ಲಿ ಖಾಲಿ ಬಕೆಟ್, ಇನ್ನೊಂದರಲ್ಲಿ ಎರಡು ಕಾಗದ ಹಿಡಿದು ಅವಳ ಕೋಣೆಗೆ ಬಂದ.

"ಖಾಲಿ ಮನೆ ವಿಭಾಗ ಇದೇನಾ?"

"ಹೌದು. ಯಾರು ನೀವು?"

"ಆ ಖಾಲಿ ಮನೇಲಿರೋ ಒಂಬತ್ತು ಜನರಲ್ಲಿ ಎಲ್ಲರಿಗಿಂತ ದೊಡ್ಡೋನು. ಬ್ಯಾಂಡ್ ಮೇಷ್ಟ್ರು ಅಂತಾರೆ." ಅವನು ಒಂದು ಕಾಗದ ಮುಂದಿಟ್ಟ. "'ಸದರಿ ಮನೆಯಲ್ಲಿ ಯಾರೂ ವಾಸವಿಲ್ಲದ ಕಾರಣ...' ಇದನ್ನ ನಿಮ್ಮ ಜವಾನ ತಂದ. ಬಾಗಿಲು ತೆಗೆದೋನು ನಾನು. ಸಹಿ ಹಾಕಿ ತಗೊಂಡೋನೂ ನಾನೇ. ಯಾರೂ ಇಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ."

"ಆಗ್ಲೇ ಬಂದು ಹೇಳ್ಬೇಕಿತ್ತು."

"ತಮಾಷೆ ಅಂದ್ಕೊಂಡೆ ಮೇಡಂ. ನಿನ್ನೆ ವಾಲ್ವ್ ತಿರುಗಿಸಿದ್ಮೇಲೆ ಗೊತ್ತಾಯ್ತು, ನಿಮ್ಮ ಆಫೀಸಲ್ಲಿ ಯಾರೂ ತಮಾಷೆ ಮಾಡಲ್ಲ ಅಂತ."

ಪೇಸ್ಟಮ್ಮ ಶೀಟಿನಲ್ಲಿ ನಿನ್ನೆ ವಾಲ್ವ್ ಬಂದ್ ಆದ ಕೆಂಪು ಸಾಲನ್ನು, ನಂಬರು ಓದದೆ, ತೆರೆದಳು. "ಎರಡು ಯೂನಿಟ್ ಅಂತಿದೆ. ಪ್ರತಿ ತಿಂಗಳೂ ಎರಡೇ."

"ಎರಡು ಯೂನಿಟ್ ನಮ್ಮ ಚಿಕ್ಕಪ್ಪಂಗೆ ಗಡ್ಡ ಕೆರೆಯೋಕೇ ಸಾಲಲ್ಲ. ಇಲ್ಲಿ ನೋಡಿ ನಿಮ್ದೇ ಬಿಲ್ಲು. ಮೂವತ್ತೊಂದು!" ಎರಡನೇ ಕಾಗದ ಇಟ್ಟ. "ಬಿಲ್ಲಲ್ಲಿ ನಾವು ಬದುಕಿದೀವಿ, ಪತ್ರದಲ್ಲಿ ಇಲ್ಲ."

"ಮನೆ ನಂಬರು?"

"ಹದಿನಾಲ್ಕು. ಹಲ್ಲಿನ ಡಾಕ್ಟರ ಬೀದಿ."

ಪೇಸ್ಟಮ್ಮ ತಲೆಯೆತ್ತಿದಳು. "ನಾನು ಹದಿಮೂರು."

ಬ್ಯಾಂಡ್ ಮೇಷ್ಟ್ರು ಬಕೆಟ್ ಕೆಳಗಿಟ್ಟ. "ಹದಿಮೂರರಲ್ಲಿ ಜನ ಇದಾರಾ?" ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟಿದ್ದ. "ಮುಂಚೆ ದಿನಾ ಬೆಳಿಗ್ಗೆ ಬಾಗಿಲು ಬಡಿಯೋದು, ಯಾರೋ ಯಾರ್ನೋ ಬೈಯೋದು ಕೇಳ್ತಿತ್ತು. ನಮ್ಮ ಹುಡುಗರು ಅದಕ್ಕೆ ಡ್ರಮ್ ಹೊಂದಿಸ್ಕೊಂಡು ಅಭ್ಯಾಸ ಮಾಡೋರು. ಒಳ್ಳೇ ಲಯ ಮೇಡಂ. ಆಮೇಲೆ ನಿಂತೋಯ್ತು. ಮನೆ ಬಿಟ್ಟು ಹೋದ್ರು ಅಂದ್ಕೊಂಡ್ವಿ."

"ಇಲ್ಲ. ಅಲ್ಲೇ ಇದೀನಿ," ಎಂದಳು ಪೇಸ್ಟಮ್ಮ. ಆ ಮಾತು ಅವಳ ಕಿವಿಗೇ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಅವನನ್ನು ಕೂರಿಸಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ತಾನು ಪೇಸ್ಟ್ ಮಾಡಿದ ಪುಟವನ್ನು ಮೇಲಿಂದ ಕೆಳಗೆ ಓದಿದಳು. ಮೂವತ್ತೊಂದು ಸಿಕ್ಕಿತು. ಹದಿನಾಲ್ಕನೇ ಮನೆಯಲ್ಲಲ್ಲ, ಹದಿನೈದನೇ ಮನೆಯಲ್ಲಿ. ಅಲ್ಲಿ ಇದ್ದವನು ಒಬ್ಬ ಕಾವಲುಗಾರ, ಹೆಚ್ಚು ಹೊತ್ತು ಬೇರೆಯವರ ಮನೆ ಕಾಯುವವನು. ಕೊನೆಯ ಮನೆಯ ಕೆಳಗೆ, ಮನೆಯೇ ಇಲ್ಲದ ಸಾಲಿನಲ್ಲಿ, ಒಂಬತ್ತು ಯೂನಿಟ್ ಅನಾಥವಾಗಿ ಕೂತಿತ್ತು. ಅದನ್ನು ಅವಳು ಮುಂಚೆಯೂ ನೋಡಿದ್ದಳು. ಬೀದಿ ಕೊನೆಯ ಸಾರ್ವಜನಿಕ ನಲ್ಲಿಯದಿರಬೇಕು ಅಂದುಕೊಂಡಿದ್ದಳು. ಆ ನಲ್ಲಿ ಒಣಗಿ ಆರು ವರ್ಷವಾಗಿತ್ತು.

ಬೆರಳಿಟ್ಟುಕೊಂಡು ಮೇಲೆ ಹೋದಳು. ಹನ್ನೆರಡನೇ ಮನೆ, ಹಲ್ಲಿನ ಡಾಕ್ಟರದು. ಅವರ ನೀರಿನ ಖರ್ಚು ಎಷ್ಟು ಯೂನಿಟ್ ಎಂದು ನೋಡಿದರೆ ಅಲ್ಲಿ ಅಂಕಿಯೇ ಇರಲಿಲ್ಲ. "ಕಚ್ಚುತ್ತದೆ" ಎಂದು ಬರೆದಿತ್ತು. ಅದನ್ನೂ ಅವಳು ನೋಡಿದ್ದಳು. ಹಲ್ಲಿನ ಡಾಕ್ಟರಿಗೆ ಸಂಬಂಧಪಟ್ಟದ್ದೇನೋ ಅಂದುಕೊಂಡು, ಬಂದದ್ದನ್ನು ಬಂದ ಹಾಗೆ ಬಿಟ್ಟಿದ್ದಳು. ಅದಕ್ಕೂ ಮೇಲೆ ಹನ್ನೊಂದನೇ ಮನೆ. ಮೀಟರ್ ಓದುವವನು ಟಿಪ್ಪಣಿ ಬರೆಯುವ ಷರಾ ಕಾಲಂನಲ್ಲಿ "ನಾಯಿ ಇದೆ."

ಮೀಟರ್ ಓದುವವನಿಗೆ ಫೋನ್ ಹಚ್ಚಿದಳು.

"ಹನ್ನೊಂದನೇ ಮನೆ ನಾಯಿ ಬಗ್ಗೆ ಏನ್ರೀ ಬರ್ದಿದೀರಿ?"

"ನಾಯಿ ಇದೆ, ಕಚ್ಚುತ್ತದೆ ಅಂತ. ಒಂಬತ್ತು ತಿಂಗಳ ಹಿಂದೆ ಅದು ಬಂದಾಗ ಬರೆದಿದ್ದು. ಒಂದ್ಸಲ ಬರೆದ್ರೆ ಪ್ರತಿ ತಿಂಗಳೂ ಬರತ್ತೆ ಮೇಡಂ, ಹೊಸ ಪ್ರೋಗ್ರಾಂ ಚೆನ್ನಾಗಿದೆ."

"ಮಧ್ಯೆ ಎಂಟರ್ ಒತ್ತಿದ್ರಾ?"

"ಒತ್ತಿದೆ. ಕಚ್ಚೋದೇ ಮುಖ್ಯ ಅಲ್ವಾ? ಅದಕ್ಕೇ ಹೊಸ ಸಾಲಲ್ಲಿ ಎದ್ದು ಕಾಣ್ಲಿ ಅಂತ."

ಎದ್ದು ಕಂಡಿತ್ತು. ಆ ಪ್ರೋಗ್ರಾಂನಿಂದ ಕಾಪಿ ಮಾಡಿ ಶೀಟಿಗೆ ಪೇಸ್ಟ್ ಮಾಡಿದರೆ, ಷರಾದ ಮಧ್ಯೆ ಒತ್ತಿದ ಎಂಟರ್ ಒಂದು ಹೊಸ ಸಾಲಾಗುತ್ತಿತ್ತು. ನಾಯಿಯ ಅರ್ಧ ಹನ್ನೊಂದರಲ್ಲಿ ಉಳಿದು, ಕಚ್ಚುವ ಅರ್ಧ ಹನ್ನೆರಡರ ಯೂನಿಟ್ ಜಾಗಕ್ಕೆ ಇಳಿದಿತ್ತು. ಅಲ್ಲಿಂದ ಕೆಳಗೆ ಬೀದಿಯ ನೀರೆಲ್ಲ ಒಂದೊಂದು ಮನೆ ಜಾರಿತ್ತು. ಕಾವಲುಗಾರನ ಸಾಲಿನಲ್ಲಿ ಬ್ಯಾಂಡಿನವರ ನೀರು. ಬ್ಯಾಂಡಿನವರ ಸಾಲಿನಲ್ಲಿ ಪೇಸ್ಟಮ್ಮನ ಎರಡು ಯೂನಿಟ್. ಪೇಸ್ಟಮ್ಮನ ಸಾಲಿನಲ್ಲಿ ಹಲ್ಲಿನ ಡಾಕ್ಟರದು. ಒಂಬತ್ತು ತಿಂಗಳು ಬೇಸರವಾದಾಗೆಲ್ಲ ಅವಳು ತೆರೆದು ನೋಡಿ ಸಮಾಧಾನಪಟ್ಟ ನೀರು ಊರ ಜನ ಬಾಯಿ ಮುಕ್ಕಳಿಸಿ ಉಗುಳಿದ್ದು.

ಹಾಗಾದರೆ ಅರ್ಧ ಬಕೆಟ್ ನಿಜ. ಮೂವತ್ತು ವರ್ಷ ಸುರಿದವಳು ಅಕ್ಕನೇ. ಪೇಸ್ಟಮ್ಮ ಗೆದ್ದಿದ್ದಳು.

ಗೆದ್ದವಳು ಮೌಸಿನ ಮೇಲೆ ಕೈಯಿಟ್ಟಳು, ಒತ್ತಲಿಲ್ಲ. ಸರಿಮಾಡಿದರೆ ಭಾನುವಾರ ಅಕ್ಕನಿಗೆ ಏನು ಹೇಳುವುದು? ನಿಜ ಹೇಳಿದರೆ ಆ ನಗು ಹೋಗುತ್ತದೆ. ನಗು ಹೋದರೆ ಅದರ ಹಿಂದೆ ಹರಿದು ಬರುವ ಮಾತೂ ಹೋಗುತ್ತದೆ. ಸರಿಮಾಡದಿದ್ದರೆ ಎದುರಿಗೆ ಖಾಲಿ ಬಕೆಟ್.

"ಆಗತ್ತಾ ಮೇಡಂ?" ಎಂದ ಬ್ಯಾಂಡ್ ಮೇಷ್ಟ್ರು. "ಒಂಬತ್ತು ಜನ ಇದೀವಿ. ಅದರಲ್ಲಿ ನಾಲ್ವರು ಊದೋರು. ಬಾಯಿ ಒಣಗಿದ್ರೆ ಕಸುಬೇ ನಿಲ್ಲತ್ತೆ."

"ಆಗತ್ತೆ," ಎಂದಳು.

ಮೀಟರ್ ಓದುವವನಿಗೆ ಹೇಳಿ ಎಂಟರ್ ತೆಗೆಸಿದಳು. ಒಂಬತ್ತು ತಿಂಗಳನ್ನೂ ಹೊಸದಾಗಿ ಕಾಪಿ ಮಾಡಿ ಪೇಸ್ಟ್ ಮಾಡಿದಳು. ಹದಿನಾಲ್ಕನೇ ಮನೆ ಕೆಂಪಿನಿಂದ ಬಿಳಿಯಾಯಿತು. ಅದೇ ಗಳಿಗೆಯಲ್ಲಿ ಹದಿಮೂರನೇ ಮನೆ ಬಿಳಿಯಿಂದ ಕೆಂಪಾಯಿತು. ಕಾವಲುಗಾರನಿಗೆ ಐದು ಬಂತು, ಅವನು ಬದುಕಿಕೊಂಡ.

ಸಂಜೆ ದೊಡ್ಡ ಸಾಹೇಬರು ಕರೆಸಿದರು. ಅವರ ಕಣ್ಣಿಗೆ ಕೆಂಪು ಬಿದ್ದಿತ್ತು.

"ಹದಿಮೂರಕ್ಕೆ ಪತ್ರ ಹೋಗ್ಲಿ."

"ಸರ್, ಅದು ನಮ್ಮನೆ."

"ಹೌದಾ? ಮನೆ ಬಿಟ್ಟು ಎಲ್ಲಿಗೆ ಹೋದ್ರಿ?"

"ಎಲ್ಲಿಗೂ ಹೋಗಿಲ್ಲ ಸರ್. ಅಲ್ಲೇ ಇದೀನಿ."

"ಶೀಟು ಹಾಗೆ ಹೇಳ್ತಿಲ್ವಲ್ಲ." ಅವರಿಗೆ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಶೀಟು ಸುಳ್ಳು ಹೇಳಲ್ಲ ಅಂತ ನೀವೇ ಹೇಳಿಕೊಟ್ಟಿದ್ದು."

"ಒಬ್ಬಳೇ ಇದೀನಿ ಸರ್. ಖರ್ಚಾಗೋದೇ ಅಷ್ಟು. ಏನಾದ್ರೂ ವಿನಾಯಿತಿ..."

"ವಿನಾಯಿತಿಗೆ ಕಾಲಂ ಇಲ್ಲ. ಮುಂದಿನ ಓದಿನಲ್ಲಿ ಮೂರು ದಾಟಿಸಿ, ತಾನೇ ಬಿಳಿ ಆಗತ್ತೆ. ಇಲ್ಲಾಂದ್ರೆ ವಾಲ್ವ್."

ಪತ್ರ ಸಿದ್ಧಪಡಿಸುವುದೂ ಅವಳದೇ ಕೆಲಸ. ಹದಿನಾಲ್ಕನೇ ಮನೆಯದನ್ನೂ ಹೀಗೇ, ಓದದೆ, ಅವಳೇ ಪೇಸ್ಟ್ ಮಾಡಿದ್ದಳು. ಮನೆ ನಂಬರನ್ನು ಕಾಪಿ ಮಾಡಿ ಪತ್ರದಲ್ಲಿ ಪೇಸ್ಟ್ ಮಾಡಿ, ಪ್ರಿಂಟ್ ತೆಗೆದು, ಜವಾನನಿಗೆ ಕೊಟ್ಟಳು. ಜವಾನ ಅದನ್ನು ತಿರುಗಿಸಿ ಅವಳಿಗೇ ಕೊಟ್ಟು ಪುಸ್ತಕ ಚಾಚಿದ. ಸಹಿ ಹಾಕಿದಳು. ತಾನು ಇಲ್ಲ ಎನ್ನುವ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಯಾರೂ ಅವಳನ್ನು ನೋಡಿ ತಲೆಯಾಡಿಸಲಿಲ್ಲ. ಬೇರೆ ದಿನವೂ ಯಾರೂ ಆಡಿಸುತ್ತಿರಲಿಲ್ಲ. ಆದರೆ ಅವತ್ತು ಅದಕ್ಕೆ ಕಾಗದದ ಬೆಂಬಲವಿತ್ತು.

ಭಾನುವಾರ ಸಂಜೆ ಫೋನ್ ಬಂತು. ತಿಂಗಳಿನ ಮೊದಲ ಭಾನುವಾರ.

"ಎಷ್ಟೇ ಈ ಸಲ?"

ಪೇಸ್ಟಮ್ಮ ಕಿಟಕಿಯತ್ತ ನೋಡಿದಳು. ಮೂವತ್ತು ವರ್ಷದ ಗೆಲುವು ನಾಲಿಗೆಯ ತುದಿಯಲ್ಲಿತ್ತು. ಎರಡು. ಅಷ್ಟಂದರೆ ಸಾಕಿತ್ತು.

"ಹದಿನಾರು," ಎಂದಳು.

ಎಲ್ಲಿಂದಲೂ ಕಾಪಿ ಮಾಡದೆ, ಜೀವನದಲ್ಲಿ ಮೊದಲ ಬಾರಿಗೆ ತಾನೇ ತಯಾರಿಸಿದ ಅಂಕಿ. ಆ ಕಡೆ ಅಕ್ಕ ಸಂಭ್ರಮದಿಂದ ಕೂಗಿದಳು. "ರೀ, ಕೇಳಿದ್ರಾ? ಹದಿನಾರಂತೆ! ಒಬ್ಬಳೇ!" ನಗು ಬಂತು. ಹತ್ತು ನಿಮಿಷ ಬಂತು. ಆಮೇಲೆ ಮಾತೂ ಬಂತು. ಭಾವ ಲಿಫ್ಟಿಗೆ ಎಣ್ಣೆ ಹಾಕಲು ಹೋಗಿ ಕನ್ನಡಕವನ್ನೇ ಎಣ್ಣೆಯಲ್ಲಿ ಮುಳುಗಿಸಿದ ಕಥೆ.

"ಯಾಕೇ ನಿನ್ನ ದನಿ ಹಿಂಗಿದೆ?" ಎಂದಳು ಅಕ್ಕ ನಡುವೆ.

"ಶೀತ."

"ಅಷ್ಟು ನೀರಲ್ಲಿ ನೆಂದ್ರೆ ಶೀತ ಆಗ್ದೆ ಇನ್ನೇನು? ತಲೆ ಸರಿಯಾಗಿ ಒರೆಸ್ಕೋ."

"ಹೂಂ."

ಫೋನ್ ಇಟ್ಟ ಮೇಲೆ ಮನೆ ಮತ್ತೆ ಎಂದಿನಂತಾಯಿತು. ಗೆದ್ದ ಸುದ್ದಿಯನ್ನು ಹೇಳಿಕೊಳ್ಳಬಹುದಾದ ಒಬ್ಬಳೇ ಒಬ್ಬಳಿಗೆ ಹೇಳುವ ಹಾಗಿರಲಿಲ್ಲ.

ಆ ತಿಂಗಳು ಪೇಸ್ಟಮ್ಮ ನೀರು ಖರ್ಚು ಮಾಡಲು ಪಟ್ಟ ಕಷ್ಟವನ್ನು ಮರುಭೂಮಿಯವರು ಉಳಿಸಲೂ ಪಟ್ಟಿರಲಿಕ್ಕಿಲ್ಲ. ಕಿಟಕಿ ಪರದೆ ಒಗೆದಳು. ಒಗೆದದ್ದನ್ನು ಇನ್ನೊಮ್ಮೆ ಒಗೆದಳು. ಅಕ್ಕನ ಕೋಣೆಯ ಹಾಸಿಗೆ ಬಟ್ಟೆಯನ್ನು, ಯಾರೂ ಮಲಗದಿದ್ದರೂ, ವಾರಕ್ಕೊಮ್ಮೆ ನೆನೆಹಾಕಿದಳು. ಮೆಟ್ಟಿಲು ತೊಳೆದೂ ತೊಳೆದೂ ಅದರ ನಿಜವಾದ ಬಣ್ಣ ಬೂದಿಯಲ್ಲ, ಹಳದಿ ಎಂದು ಬೆಳಕಿಗೆ ಬಂತು. ಆದರೆ ಕೈ ಕೇಳಬೇಕಲ್ಲ. ನಲ್ಲಿ ತೆರೆದರೆ ಬೆರಳು ತಾನಾಗಿ ಮುಚ್ಚುತ್ತಿತ್ತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿ, ಗೇಟಿನ ಹತ್ತಿರದ ಮುಚ್ಚಳ ಎತ್ತಿ ಮೀಟರ್ ನೋಡಿದಳು. ಕಳೆದ ಓದಿನಿಂದ ಎರಡೂವರೆ. ಹತ್ತು ಗಂಟೆಯ ಹೊತ್ತಿಗೆ ಮೀಟರ್ ಓದುವವನು ಈ ಬೀದಿಗೆ ಬರುತ್ತಾನೆ.

ಒಳಗೆ ಹೋಗಿ ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಸುರಿಯುವುದನ್ನು ನೋಡಲಾಗದೆ ಆಚೆ ಬಂದು ಬಾಗಿಲು ಹಾಕಿಕೊಂಡಳು. ಬಾಗಿಲ ಮುಂದೆ ಸ್ಟೂಲು ಹಾಕಿ ಕೂತಳು. ಒಳಗೆ ನೀರು ಧಾರಾಳವಾಗಿ, ಅಕ್ಕನ ಹಾಗೇ, ಯಾವ ಅವಸರವೂ ಇಲ್ಲದೆ ಬೀಳುತ್ತಿತ್ತು. ಐದು ನಿಮಿಷ ಕೇಳಿದಳು. ಹದಿನೈದು ನಿಮಿಷ ಕೇಳಿದಳು. ಅರ್ಧ ಗಂಟೆ ಕಳೆಯಿತು. ಕೈ ತಾನಾಗಿಯೇ ಮೇಲೆದ್ದು ಬಾಗಿಲು ಬಡಿಯಿತು.

"ಎಷ್ಟು ಹೊತ್ತೇ!"

ನೀರು ಬೀಳುತ್ತಲೇ ಇತ್ತು.

"ಕೇಳಿಸ್ತಾ ಇದೆಯಾ ನಿಂಗೆ? ಕೆರೆ ಕಟ್ತಿದೀಯಾ ಒಳಗೆ? ನಂಗೊತ್ತಿತ್ತು ಕಣೇ, ನೀನೇ ಅಂತ! ಮೂವತ್ತು ವರ್ಷದಿಂದ ಗೊತ್ತಿತ್ತು! ಬಾ ಆಚೆ! ಬಾ ಅಂದ್ರೆ!"

ಬಡಿದಳು, ಬೈದಳು, ಮತ್ತೆ ಬಡಿದಳು. ಗೋಡೆಯಾಚೆ ಹದಿನಾಲ್ಕನೇ ಮನೆಯಲ್ಲಿ ಯಾರೋ ಡ್ರಮ್ಮಿನ ಮೇಲೆ ಒಂದು ಪೆಟ್ಟು ಹಾಕಿದರು. ಇನ್ನೊಂದು ಹಾಕಿದರು. ಆಮೇಲೆ ಅವಳ ಪ್ರತಿ ಬಡಿತಕ್ಕೂ ಸರಿಯಾಗಿ, ಒಂದು ಕೂದಲಷ್ಟೂ ಹಿಂದೆಮುಂದಾಗದೆ, ಡಂ ಎಂದು ಕೇಳತೊಡಗಿತು. ಪೇಸ್ಟಮ್ಮ ಸ್ವಲ್ಪ ಹೊತ್ತು ಕೈ ತಡೆದಳು. ಡ್ರಮ್ಮೂ ತಡೆದು ಕಾಯಿತು. ಅವಳು ಮತ್ತೆ ಶುರುಮಾಡಿದಳು.

ಮರುದಿನ ಕಚೇರಿಯಲ್ಲಿ ಮೀಟರ್ ಓದುವವನ ಪ್ರೋಗ್ರಾಂ ತೆರೆದಳು. ಹದಿಮೂರನೇ ಮನೆ, ನಾಲ್ಕು ಯೂನಿಟ್. ಪಕ್ಕದ ಷರಾ ಕಾಲಂನಲ್ಲಿ ಅವನು ಬರೆದಿದ್ದ: "ಒಳಗೆ ಯಾರೋ ಯಾರನ್ನೋ ಬೈಯುತ್ತಿದ್ದಾರೆ. ಮನೆಯಲ್ಲಿ ಕನಿಷ್ಠ ಇಬ್ಬರಿದ್ದಾರೆ."

ಪೇಸ್ಟಮ್ಮ ಅದನ್ನು ಎರಡು ಸಲ ಓದಿದಳು. ಮಧ್ಯೆ ಎಲ್ಲೂ ಎಂಟರ್ ಒತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಕಾಪಿ ಮಾಡಿ, ಬಂದದ್ದನ್ನು ಬಂದ ಹಾಗೆ, ತನ್ನ ಸಾಲಿಗೆ ಪೇಸ್ಟ್ ಮಾಡಿದಳು.